ಸೂಲಂಗಿ ಅಲ್ಲಾಡಿದ ಕಡೆ

"ಇನ್ನೂ ಸ್ವಲ್ಪ ಒತ್ತಾಗಿ ಕೂತ್ಕೊಳ್ಳಿ ಅಜ್ಜಿ, ನಿಮ್ಮ ಮುಖ ಹೂವಿನ ಹಿಂದೆ ಹೋಯ್ತು" ಎಂದು ಫೋಟೋದವನು ಕೈಸನ್ನೆ ಮಾಡುತ್ತಿರುವಾಗಲೇ ಹಿಂದಿನ ಸಾಲಿನಲ್ಲಿದ್ದ ನೆಂಟ ಶಿಗೆಯೋನ ಕೋಟಿನ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಎಲ್ಲರೂ ಅವನ ಕಡೆ ತಿರುಗಿದರು. ಫೋಟೋ ಕೆಟ್ಟಿತು.

"ಸಾವಿನ ಮನೇಲೂ ಇವನಿಗೆ ಫೋನು" ಎಂದಳು ತೊಮೆ. ಸತ್ತ ಕಿನ್ಸಾಕುವಿನ ತಂಗಿ ಅವಳು, ಹಿಂದಿನ ದಿನ ಅಸಾಹಿಕಾವಾದಿಂದ ರೈಲಿನಲ್ಲಿ ಬಂದಿಳಿದಿದ್ದಳು. ಬಂದಾಗಿನಿಂದ ಅಳುವುದೂ ಬೈಯುವುದೂ ಒಂದರ ಹಿಂದೆ ಒಂದು ನಡೆದೇ ಇತ್ತು.

ಶವಪೆಟ್ಟಿಗೆ ಹೊರಡುವ ಮುಂಚೆ ಬಂಧುಬಳಗವೆಲ್ಲ ಹೂವಿನ ಪೀಠದ ಮುಂದೆ ಸೇರಿ ಒಂದು ಫೋಟೋ ತೆಗೆಸಿಕೊಳ್ಳುವುದು ಒತೊಶಿಬೆ ಊರಿನ ವಾಡಿಕೆ. ಮದುವೆಗೆ ತಪ್ಪಿಸಿಕೊಂಡವರೂ ಈ ಫೋಟೋಗೆ ತಪ್ಪಿಸಿಕೊಳ್ಳುವುದಿಲ್ಲ. ಮುಂದಿನ ಸಾಲಿನ ಕುರ್ಚಿಗಳಲ್ಲಿ ಹೆಂಡತಿ ಫುಸಾ, ತಂಗಿ ತೊಮೆ, ಮಗಳು ಹರುಯೆ. ತುದಿಯ ಕುರ್ಚಿಯಲ್ಲಿ ತೊಕುಜಿ. ಅವನು ನೆಂಟನಲ್ಲ, ಗೆಳೆಯ. ಎಡಗಾಲು ಊನವಾದ್ದರಿಂದ ಅವನಿಗೆ ಎಲ್ಲಿ ಹೋದರೂ ಕುರ್ಚಿ ಸಿಗುತ್ತಿತ್ತು.

ಶಿಗೆಯೋ ಬಾಗಿಲ ಹೊರಗೆ ಹೋಗಿ ಮಾತಾಡಿ ಬಂದ. ಬರುವಾಗ ಅವನ ಮುಖ ಬೇರೆಯೇ ಆಗಿತ್ತು.

"ಕಟಾವಿನ ಯಂತ್ರ ಇವತ್ತೇ ಬರ್ತದಂತೆ. ಎರಡು ಗಂಟೆಗೆ. ನಾಳೆ ಚಂಡಮಾರುತ ಅಂತ ಎಲ್ಲರ ಸರದೀನೂ ಹಿಂದೆ ಮುಂದೆ ಮಾಡಿದ್ದಾರೆ. ಇವತ್ತು ಬಿಟ್ರೆ ಇನ್ನು ಹತ್ತು ದಿನ. ಅಷ್ಟು ಹೊತ್ತಿಗೆ ನನ್ನ ಜೋಳ ಎಲ್ಲ ನೆಲಕ್ಕೆ ಮಲಗಿರುತ್ತೆ."

"ಬಂದ್ರೆ ಕೊಯ್ಯಿಸು. ಬೇಡ ಅಂದೋರು ಯಾರು?" ಎಂದಳು ತೊಮೆ.

"ಒಳಗೆ ಅದು ಇದೆಯಲ್ಲ ಅತ್ತೆ."

ಅದು ಇರುವುದು ಊರಿಗೆಲ್ಲ ಗೊತ್ತಿತ್ತು. ಹತ್ತು ದಿನದಿಂದ ಶಿಗೆಯೋನ ಜೋಳದೊಳಗೆ ಒಂದು ಕರಡಿ ಸೇರಿಕೊಂಡಿತ್ತು. ದಂಟು ಆಳೆತ್ತರದ ಮೇಲೆ ಇನ್ನೊಂದು ಆಳೆತ್ತರ ಬೆಳೆದು, ತುದಿಯಲ್ಲಿ ಸೂಲಂಗಿ, ಹೂವಿನ ಗರಿ, ಬಿಟ್ಟಿತ್ತು. ನಡುವೆ ಕರಡಿ ಒಂದು ಕೋಣೆಯಷ್ಟು ಜಾಗ ತುಳಿದು ಹಾಸಿಗೆ ಮಾಡಿಕೊಂಡು ಅಲ್ಲೇ ತಿಂದು ಅಲ್ಲೇ ಮಲಗುತ್ತಿತ್ತು. ಯಂತ್ರ ಹೊರಗಿನಿಂದ ಸುತ್ತು ಹಾಕುತ್ತ ಕೊಯ್ಯುತ್ತ ಬಂದರೆ ಜೋಳ ಸಣ್ಣದಾಗುತ್ತ ಹೋಗುತ್ತದೆ. ಕರಡಿ ಕೊನೆಯ ನಾಲ್ಕು ಸಾಲಿನವರೆಗೂ ಒಳಗೇ ಇರುತ್ತದೆ. ಆಮೇಲೆ ಯಾವ ಕಡೆಯಿಂದಲಾದರೂ ನುಗ್ಗೀತು. ಕೆಳಗಿನ ರಸ್ತೆ ದಾಟಿದರೆ ಶಾಲೆ. ಆದ್ದರಿಂದ ಕಟಾವಿನ ಹೊತ್ತಿಗೆ ಹೊಲದಂಚಿನಲ್ಲಿ ಒಂದು ಕೋವಿ ಕಾಯಬೇಕು. ಐವತ್ತು ವರ್ಷ ಆ ಕೋವಿ ಕಿನ್ಸಾಕುವಿನದಾಗಿತ್ತು. ನಾಲ್ಕು ದಿನದ ಹಿಂದೆ ಬೆಳಗಿನ ಹಾಲು ಕರೆಯುವಾಗ ಅವನು ಹಸುವಿನ ಪಕ್ಕೆಗೆ ಹಣೆ ಆನಿಸಿ ಕೂತವನು ಮತ್ತೆ ಏಳಲಿಲ್ಲ. ಉಳಿದಿಬ್ಬರು ಕೋವಿಯವರು ಪಕ್ಕದ ಕಣಿವೆಗೆ ಇನ್ನೊಂದು ಕರಡಿಯ ಹಿಂದೆ ಹೋಗಿದ್ದರು.

ಶಿಗೆಯೋ ಹರುಯೆಯನ್ನು ನೋಡಿದ. ಎಲ್ಲರೂ ಅವಳನ್ನೇ ನೋಡಿದರು. ನಲವತ್ತೊಂದು ವರ್ಷದ ಅವಳಿಗೆ ಕೋವಿಯ ಲೈಸೆನ್ಸು ಸಿಕ್ಕಿ ಎರಡು ವರ್ಷವಾಗಿತ್ತು. ಈವರೆಗೆ ಹೊಡೆದದ್ದೆಲ್ಲ ಮೈದಾನದಲ್ಲಿ ಹಾರಿಸುವ ಮಣ್ಣಿನ ಬಿಲ್ಲೆಗಳನ್ನು.

"ಆಗೋದಿಲ್ಲ" ಎಂದಳು ತೊಮೆ. "ಸೂತಕದಲ್ಲಿ ಕೋವಿ ಮುಟ್ಟೋದು ನಮ್ಮ ಮನೇಲಿ ಇಲ್ಲ. ನಲವತ್ತೊಂಬತ್ತು ದಿನ ಕಳೀಬೇಕು."

"ನೀವೇ ಹೋಗಿ ಕರಡಿಗೆ ಹೇಳಿ ಬನ್ನಿ ಅತ್ತೆ, ಸೂತಕ ಕಳೀಲಿ, ಅಲ್ಲೀವರೆಗೂ ಮಲಗಿರು ಅಂತ" ಎಂದ ಶಿಗೆಯೋ.

ಹಿಂದಿನ ಸಾಲಿನಲ್ಲಿ ಯಾರೋ ನಗು ನುಂಗಿಕೊಂಡರು. ಫುಸಾ ಮಾತ್ರ ತಲೆ ಎತ್ತದೆ, "ಹೋಗಲಿ ಬಿಡು ತೊಮೆ. ಕೆಳಗಡೆ ಮಕ್ಕಳಿವೆ" ಎಂದಳು. ಮಗಳ ಮೊಣಕೈ ಮುಟ್ಟಿ, "ಅಪ್ಪನ ಜಾಗದಲ್ಲೇ ನಿಂತ್ಕೋ ಹರುಯೆ" ಎಂದಳು.

"ಹೆದರಿಕೆ ಯಾಕಮ್ಮ?" ಶಿಗೆಯೋನ ದನಿ ಈಗ ಹಗುರಾಯಿತು. "ನಿಮ್ಮಪ್ಪನ ಕೈ ಅಲ್ವಾ ನಿಂದೂ. ಆ ಕಾಲದಲ್ಲಿ ಅವನು ಕರಡಿ ಕಾಣಲಿ ಅಂತ ಕಾದೋನೇ ಅಲ್ಲ. ಸೂಲಂಗಿ ಅಲ್ಲಾಡಿದ ಕಡೆ ಒಂದು ಬಿಟ್ಟ ಅಂದ್ರೆ ಮುಗೀತು. ಬೇಕಾದ್ರೆ ತೊಕುಜಿ ಮಾವನ ಕಾಲನ್ನ ಕೇಳು."

ಎಲ್ಲರ ಕಣ್ಣೂ ತೊಕುಜಿಯ ಎಡಗಾಲಿಗೆ ಬಂತು. ಮೂವತ್ತೆಂಟು ವರ್ಷದಿಂದ ಆ ಮಾತು ಬಂದಾಗಲೆಲ್ಲ ನಗುವಂತೆ ಅವನು ನಕ್ಕ. ಆದರೆ ಹರುಯೆ ನಗಲಿಲ್ಲ. ಅವಳು ಅವನ ಕಾಲನ್ನು, ಮೊದಲ ಸಲ ನೋಡುವವಳಂತೆ, ಕೆಳಗಿನಿಂದ ಮೇಲಕ್ಕೆ ನೋಡಿದಳು. ತೊಕುಜಿ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡ.

"ತಾತ, ಇದರಲ್ಲಿ ನಗಬಾರದು" ಎಂದ ಫೋಟೋದವನು. ಅಷ್ಟರಲ್ಲಿ ಫೋಟೋ ತೆಗೆದಾಗಿತ್ತು.

* * *

ಮೂವತ್ತೆಂಟು ವರ್ಷದ ಹಿಂದಿನ ಆ ಸೆಪ್ಟೆಂಬರಿನಲ್ಲಿ ಕಟಾವು ಇನ್ನೂ ಕೈಯಲ್ಲೇ ನಡೆಯುತ್ತಿತ್ತು. ಈಗ ಶಿಗೆಯೋನದಾಗಿರುವ ಇದೇ ಹೊಲ. ಮೇಲೆ ಗುಡ್ಡ, ಗುಡ್ಡದ ಬುಡದಲ್ಲಿ ತೊರೆ, ಕೆಳಗೆ ರಸ್ತೆ. ಕಿನ್ಸಾಕು ರಸ್ತೆಯ ಕಡೆ, ಪಂಪಿನ ಮನೆಯ ಹತ್ತಿರ ನಿಂತ. ತೊಕುಜಿ ಮೇಲೆ ತೊರೆಯ ಹತ್ತಿರ.

"ನಾನು ಕೂಗೋವರೆಗೂ ಅಲ್ಲಾಡಬೇಡ" ಎಂದಿದ್ದ ಕಿನ್ಸಾಕು.

ಆಗಿನ ಪದ್ಧತಿಯೆಂದರೆ ಮೊದಲ ಗುಂಡು ಯಾರದೋ ಅವರಿಗೆ ಕರಡಿಯ ಪಿತ್ತಕೋಶ. ಉಳಿದದ್ದೆಲ್ಲ ಸಮಪಾಲು. ಪಿತ್ತಕ್ಕೆ ಔಷಧದವರು ಹುಡುಕಿಕೊಂಡು ಬರುತ್ತಿದ್ದ ಕಾಲ. ಹಾಲಿನ ಕ್ಯಾನುಗಳ ಲಾರಿ ಓಡಿಸುತ್ತಿದ್ದ ತೊಕುಜಿಗೆ ಆ ವರ್ಷದವರೆಗೆ ಒಂದು ಸಲವೂ ಪಿತ್ತ ಸಿಕ್ಕಿರಲಿಲ್ಲ. ಒಂದು ಗಂಟೆ ಕಾದ. ಒಳಗೆಲ್ಲೋ ತೆನೆ ಮುರಿಯುವ ಸದ್ದು ಕೇಳಿತು. ಬಗ್ಗಿಕೊಂಡು ಒಳಗೆ ಹೋದ.

ಎಲೆಗಳು ಕಿವಿಗೆ ಸವರುತ್ತಿದ್ದವು. ಎಷ್ಟು ಸಾಲು ದಾಟಿದೆನೆಂದು ಲೆಕ್ಕ ತಪ್ಪಿತು. ನೆಟ್ಟಗೆ ಹೋಗುತ್ತಿದ್ದೇನೆಂದುಕೊಂಡು ಇಳಿಜಾರಿನಲ್ಲಿ ಕೆಳಕ್ಕೆ, ಪಂಪಿನ ಮನೆಯ ಕಡೆಗೇ ಇಳಿಯುತ್ತಿದ್ದ. ಗುಂಡಿನ ಸದ್ದು ಕೇಳುವ ಮೊದಲೇ ಕಾಲು ಅವನ ಕೆಳಗಿನಿಂದ ಹೊರಟುಹೋಗಿತ್ತು.

ಕಿನ್ಸಾಕು ದಂಟುಗಳನ್ನು ಎರಡೂ ಕೈಯಿಂದ ಬಗೆದುಕೊಂಡು ಬಂದ. ತೊಕುಜಿಯನ್ನು ನೋಡಿ ನಿಂತಲ್ಲೇ ನಿಂತ. ಗುಂಡು ಮೀನಖಂಡದ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹರಿದುಕೊಂಡು ಹೋಗಿತ್ತು. ಕಿನ್ಸಾಕು ತನ್ನ ಬೆಲ್ಟು ಬಿಚ್ಚಿ ಬಿಗಿದು, ಬೆನ್ನ ಮೇಲೆ ಹೊತ್ತು, ರಸ್ತೆಗೆ ಓಡಿದ. ಅವನ ಕುತ್ತಿಗೆಯ ಬೆವರು ತೊಕುಜಿಯ ಗದ್ದಕ್ಕೆ ಅಂಟುತ್ತಿತ್ತು. ಕಿನ್ಸಾಕು ಜೈಲಿಗೆ ಹೋದರೆ ಅವನ ಮನೆಯಲ್ಲಿ ಫುಸಾ, ಹನ್ನೆರಡು ಹಸು, ಮೂರು ವರ್ಷದ ಹರುಯೆ.

"ಕರಡಿ ಅಂತ ಹೇಳು" ಎಂದದ್ದು ತೊಕುಜಿಯೇ. "ಕರಡಿ ಕಚ್ಚಿಕೊಂಡಿತ್ತು, ನೀನು ಸೂಲಂಗಿ ಅಲ್ಲಾಡೋದು ನೋಡಿ ಹೊಡೆದೆ, ಅದು ಬಿಟ್ಟು ಓಡಿತು. ಹಾಗೇ ಹೇಳು."

ಊರಿನ ಮುದಿ ಡಾಕ್ಟರು ಯುದ್ಧದಲ್ಲಿ ಕೆಲಸ ಮಾಡಿದವರು. ಗಾಯ ತೊಳೆದರು, ಹೊಲಿದರು, ಕೈ ಒರೆಸಿಕೊಂಡರು. "ಕೋವಿಮದ್ದಿನ ವಾಸನೆ ಬರೋ ಕರಡೀನ ಇವತ್ತೇ ನೋಡಿದ್ದು ನಾನು" ಎಂದರು. ಮತ್ತೆ ಆ ಮಾತು ಎತ್ತದೆಯೇ ಎರಡು ವರ್ಷದಲ್ಲಿ ತೀರಿಕೊಂಡರು.

* * *

ಚಿತಾಗಾರದ ಕಾಯುವ ಕೋಣೆಯಲ್ಲಿ ಕರಿಕಾಳು ಹಾಕಿದ ಅನ್ನ, ಉಪ್ಪಿನಕಾಯಿ, ಚಹಾ. ಒಂದೂವರೆ ಗಂಟೆ ಕಾಯಬೇಕಿತ್ತು. ಶಿಗೆಯೋ ಯಂತ್ರದವರಿಗೆ ದಾರಿ ತೋರಿಸಲು ಮುಂಚೆಯೇ ಹೋಗಿದ್ದ. ಗೋಡೆಯ ಗಡಿಯಾರ ಹನ್ನೆರಡು ಹತ್ತು ತೋರಿಸುತ್ತಿತ್ತು.

ತೊಕುಜಿ ಹರುಯೆಯ ಎದುರಿಗೆ ಕೂತು ಅವಳೊಬ್ಬಳೇ ಸಿಕ್ಕುವ ಗಳಿಗೆಗೆ ಕಾಯುತ್ತಿದ್ದ. ಅವಳು ಎದ್ದು ಚಹಾ ತರಲು ಹೋದರೆ ತಾನೂ ಏಳುವುದು, ಅವಳು ಕೂತರೆ ತಾನೂ ಕೂರುವುದು.

"ಏನೋ ಅದು, ಚೇಳು ಕಡಿದವನ ಹಾಗೆ" ಎಂದಳು ತೊಮೆ. "ಕೂತ್ಕೊಂಡು ಹೇಳೋ ತೊಕುಜಿ, ಅಣ್ಣ ನಿನ್ನ ಕರಡಿ ಬಾಯಿಂದ ಬಿಡಿಸಿದ್ದು. ಅವನು ಅಲ್ಲಿ ಬೇಯೋ ಹೊತ್ತಿಗೆ ಇಲ್ಲಿ ಅವನ ಕಥೆ ಆದ್ರೂ ಕೇಳೋಣ."

"ಎಷ್ಟು ಸಲ ಕೇಳಿದ್ದೀಯ."

"ನಾನು ಕೇಳಿದ್ದೀನಿ. ನಮ್ಮೂರಿಂದ ಬಂದ ಇವರು ಕೇಳಿಲ್ಲ. ಶಾಲೆ ಮಕ್ಕಳಿಗೆ ವರ್ಷಾವರ್ಷ ಹೇಳ್ತೀಯಂತೆ, ನಮಗೆ ಹೇಳೋಕೆ ನಾಚಿಕೆನಾ?"

ಅದು ನಿಜವಾಗಿತ್ತು. ಪ್ರತಿ ವಸಂತದಲ್ಲಿ ಶಾಲೆಯವರು ಅವನನ್ನು ಕರೆಸುತ್ತಿದ್ದರು. ಸೊಂಟಕ್ಕೆ ಕರಡಿ ಓಡಿಸುವ ಗಂಟೆ ಕಟ್ಟಿಕೊಂಡು ಹೋಗಿ, ಮಕ್ಕಳನ್ನು ನೆಲದ ಮೇಲೆ ಕೂರಿಸಿ, ಅವನು ಕತೆ ಹೇಳುತ್ತಿದ್ದ. ಲಾರಿಯ ಕೆಲಸ ಹೋದ ಮೇಲೆ, ಹೆಂಡತಿ ತವರಿಗೆ ಹೋಗಿ ತಿರುಗಿ ಬಾರದ ಮೇಲೆ, ಊರಿನಲ್ಲಿ ಅವನಿಗೆ ಉಳಿದಿದ್ದ ಹೆಸರು ಅದೊಂದೇ. ಕರಡಿ ಕಚ್ಚಿದ ತೊಕುಜಿ.

ನಾಲಿಗೆಗೆ ದಾರಿ ಗೊತ್ತಿತ್ತು. ಹುಳಿ ಹಾಲಿನಂಥ ಅದರ ಉಸಿರು, ಕಾಲನ್ನು ಹಿಡಿದು ಎಳೆದದ್ದು, ಕೆಳಗಿನಿಂದ ಕಿನ್ಸಾಕುವಿಗೆ ಏನೂ ಕಾಣದೆ ತುದಿಯ ಸೂಲಂಗಿ ಮಾತ್ರ ಅಲ್ಲಾಡಿದ್ದು, ಒಂದೇ ಗುಂಡು. ಕೇಳುತ್ತಿದ್ದವರು ಉಸಿರು ಬಿಟ್ಟರು.

"ವಯಸ್ಸಾಗ್ತಾ ಅವನ ಕೈ ನಿಧಾನ ಆಯ್ತು ಬಿಡಿ" ಎಂದಳು ತೊಮೆ ಕಣ್ಣೊರೆಸಿಕೊಂಡು. "ಆಮೇಲಾಮೇಲೆ ಕರಡಿ ಹೊರಗೆ ಬಂದು, ಮೈ ಕೊಡವಿ, ತನ್ನ ಹೆಸರು ಊರು ಹೇಳಿದ ಮೇಲೇ ಅಣ್ಣನ ಕೋವಿ ಏಳ್ತಿದ್ದದ್ದು."

ಎಲ್ಲರೂ ನಕ್ಕರು. ಹರುಯೆ ಚಾಪ್‌ಸ್ಟಿಕ್ಕುಗಳನ್ನು ಬಟ್ಟಲಿನ ಮೇಲೆ ಅಡ್ಡಲಾಗಿ ಇಟ್ಟಳು.

"ಚಿಕ್ಕಪ್ಪ, ಅಪ್ಪ ಗುರಿ ಇಟ್ಟದ್ದು ಎಲ್ಲಿಗೆ?" ಎಂದು ತೊಕುಜಿಯನ್ನು ಕೇಳಿದಳು.

"ಹಾಂ?"

"ಸೂಲಂಗಿ ಅಲ್ಲಾಡಿದ್ದು ಮೇಲೆ. ಕರಡಿ ಇರೋದು ಕೆಳಗೆ. ಅಲ್ಲಾಡಿದ ಜಾಗದಿಂದ ಎಷ್ಟು ಕೆಳಗೆ ಹೊಡೆದ್ರು? ಒಂದು ಮಾರು? ಇನ್ನೂ ಕೆಳಗಾ?" ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ಅಪ್ಪ ನನಗೆ ಏನೂ ಹೇಳ್ಕೊಡಲಿಲ್ಲ. ಜೋಳದ ಹತ್ತಿರ ಕರ್ಕೊಂಡೂ ಹೋಗಲಿಲ್ಲ. ಕೇಳಿದ್ರೆ ಇನ್ನೂ ಬೇಡ, ಇನ್ನೂ ಬೇಡ. ಈಗ ಇನ್ನು ಎರಡು ಗಂಟೇಲಿ ನಾನು ಅಲ್ಲಿ ನಿಂತಿರಬೇಕು. ನೀವೊಬ್ಬರೇ ಇದ್ದದ್ದು ಅಲ್ಲಿ."

ಮೇಜಿನ ಸುತ್ತ ಎಂಟು ಮುಖಗಳು. ಫುಸಾ ಗಂಡನ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಅವನ ಉತ್ತರಕ್ಕೇ ಕಾಯುತ್ತಿದ್ದಳು. ಈಗ ಹೇಳು, ಎಂದುಕೊಂಡ ತೊಕುಜಿ.

"ಒಂದು ಮಾರಿಗಿಂತ… ಸ್ವಲ್ಪ ಜಾಸ್ತಿ" ಎಂದಿತು ಅವನ ನಾಲಿಗೆ.

ಹರುಯೆ ತಲೆಯಾಡಿಸಿದಳು. ಎದುರಿನ ಕಿಟಕಿಯ ಚೌಕಟ್ಟಿನ ಮೇಲಂಚಿನಿಂದ ಒಂದು ಮಾರಿಗಿಂತ ಸ್ವಲ್ಪ ಕೆಳಕ್ಕೆ ಕಣ್ಣನ್ನು ಇಳಿಸಿ, ಅಲ್ಲೇ ನಿಲ್ಲಿಸಿದಳು. ಮತ್ತೆ ಮೇಲಿನಿಂದ ಇಳಿಸಿದಳು. ಮಕ್ಕಳು ಮಗ್ಗಿ ಬಾಯಿಪಾಠ ಮಾಡುವಂತೆ.

* * *

ಆ ಗುಂಡಿನ ನಂತರ ಕಿನ್ಸಾಕು ಎಂದೂ ಜೋಳದೊಳಕ್ಕೆ ಹೊಡೆಯಲಿಲ್ಲ. ಪಂಪಿನ ಮನೆಯ ಪಕ್ಕ ಹಾಲಿನ ಕ್ರೇಟು ಬೋರಲು ಹಾಕಿ, ಗುಡ್ಡಕ್ಕೆ ಮುಖ ಮಾಡಿ ಕೂರುತ್ತಿದ್ದ. ಅಲ್ಲಿಂದ ಹೊಡೆದ ಗುಂಡು ತಪ್ಪಿದರೂ ಗುಡ್ಡದ ಮಣ್ಣಿಗೇ ಹೋಗಬೇಕು. ಒಂದು ಸಂಜೆ ತೊಕುಜಿಯೂ ರಸ್ತೆಯಲ್ಲಿ ನಿಂತು ನೋಡಿದ್ದ. ಮೊದಲು ಮೂತಿ ಬಂತು. ಜನ ಉಸಿರು ಹಿಡಿದರು. ತಲೆ ಬಂತು, ಹೆಗಲು ಬಂತು. ಕಿನ್ಸಾಕು ಕೂತೇ ಇದ್ದ. ಕರಡಿ ನಾಲ್ಕೂ ಕಾಲನ್ನು ಕೊಯ್ದ ಕೂಳೆಯ ಮೇಲಿಟ್ಟು, ಅಡ್ಡ ತಿರುಗಿ, ಅದರ ಹೊಟ್ಟೆಯ ಕೆಳಗಿನಿಂದ ಆಚೆಯ ಮಣ್ಣು ಕಂಡ ಮೇಲೆ ಒಂದೇ ಒಂದು ಸದ್ದು. ಹೀಗೆ ಕಾದು ಸಿಕ್ಕಿದ್ದು ಅರ್ಧ, ತಪ್ಪಿಸಿಕೊಂಡದ್ದು ಅರ್ಧ. ಬೆಳೆ ಕಳೆದುಕೊಂಡವರು ಹಿಂದಿನಿಂದ ಆಡಿಕೊಂಡರು. ಅವನು ಕೇಳಿಸಿಕೊಳ್ಳಲಿಲ್ಲ.

ಚಳಿಗಾಲದಲ್ಲಿ ತೊಕುಜಿ ಬಾಗಿಲು ತೆರೆಯುವ ಹೊತ್ತಿಗೆ ಹಿಮ ತೆಗೆದು ದಾರಿ ಮಾಡಿರುತ್ತಿತ್ತು. ಒಲೆಗೆ ಸೌದೆ ಒಡೆದು ಪೇರಿಸಿರುತ್ತಿತ್ತು. ಮೂವತ್ತೆಂಟು ಚಳಿಗಾಲ. "ಸಾಕು ಮಾರಾಯ, ನಿಂಗೂ ಎಂಬತ್ತಾಯ್ತು" ಎಂದರೆ, "ನಿಂದು ಸಣ್ಣ ಅಂಗಳ" ಎಂದಷ್ಟೇ ಹೇಳಿ ಸಲಿಕೆ ಹೆಗಲಿಗಿಟ್ಟು ಹೋಗುತ್ತಿದ್ದ.

ಮೂರು ವಾರದ ಹಿಂದೆ, ತೆನೆ ಹಾಲು ಕಟ್ಟುವ ಹೊತ್ತಿಗೆ, ಕಿನ್ಸಾಕು ತೊಕುಜಿಯ ಜಗಲಿಯ ಮೇಲೆ ಬಂದು ಕೂತ.

"ಈ ಸಲ ಕಟಾವಿನ ಒಳಗೆ ಹರುಯೆಗೆ ಹೇಳಿಬಿಡ್ತೀನಿ" ಎಂದ.

"ಏನಂತ?"

"ಇದ್ದದ್ದನ್ನ."

"ಈಗ ಯಾಕೆ? ಎಲ್ಲ ಮುಗಿದು ಮಣ್ಣಾಗಿದೆ."

"ಮುಗಿದಿಲ್ಲ ಕಣೋ. ಅವಳ ಕೈಗೆ ಕೋವಿ ಬಂದಿದೆ."

ತೊಕುಜಿಗೆ ಆಗ ನೆನಪಾದದ್ದು ಶಾಲೆಯ ಮಕ್ಕಳು. ಅವರ ಬಾಯಿ ಮುಚ್ಚದ ಮುಖಗಳು. ಪಿತ್ತದ ಆಸೆಗೆ ಕಳ್ಳನಂತೆ ನುಗ್ಗಿದವನ ಕತೆಗೆ ಯಾರು ಗಂಟೆ ಕಟ್ಟಿಸಿ ಕರೆಯುತ್ತಾರೆ?

"ನನ್ನ ಗತಿ ಯೋಚನೆ ಮಾಡು" ಎಂದಿದ್ದ. "ಬರೋ ವರ್ಷ ಹೇಳು."

ಕಿನ್ಸಾಕು ಅವನನ್ನು ನೋಡಿದ. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ಚೆನ್ನಾಗಿತ್ತು. "ಸರಿ, ನೀನು ಹೇಳಿದ ಹಾಗೆ" ಎಂದು ಎದ್ದು ಹೋದ.

* * *

ಕಾಲಿನಿಂದ ಶುರುಮಾಡಿ ತಲೆಯವರೆಗೆ ಮೂಳೆ ಆಯಬೇಕು. ಒಬ್ಬರೇ ಆಯುವಂತಿಲ್ಲ, ಇಬ್ಬರು ಎರಡು ಕಡೆಯಿಂದ ಚಾಪ್‌ಸ್ಟಿಕ್ಕಿನಲ್ಲಿ ಒಂದೇ ಮೂಳೆಯನ್ನು ಹಿಡಿದು ಎತ್ತಿ ಅಸ್ಥಿಯ ಮಡಕೆಗೆ ಹಾಕಬೇಕು. ಫುಸಾ ತೊಕುಜಿಯನ್ನು ಕರೆದು ಹರುಯೆಯ ಎದುರು ನಿಲ್ಲಿಸಿದಳು.

"ಇದು ಮೊಣಕಾಲಿನ ಕೆಳಗಿನದು" ಎಂದ ಚಿತಾಗಾರದವನು, ಬಿಳಿಯ ಕೈಗವಸಿನಿಂದ ತೋರಿಸಿ.

ಉಳಿದ ಬಂಧುಗಳು ಒಂದೆರಡು ಹೆಜ್ಜೆ ಹಿಂದಿದ್ದರು. ಬಿಸಿ ಇನ್ನೂ ಮುಖಕ್ಕೆ ಹೊಡೆಯುತ್ತಿತ್ತು. ಇಬ್ಬರೂ ಬಾಗಿ ಮೂಳೆಯನ್ನು ಹಿಡಿದರು. ಅದು ಒಣಗಿದ ಬೆಂಡಿನಷ್ಟು ಹಗುರಾಗಿತ್ತು.

"ಹರುಯೆ, ಅವತ್ತು ಜೋಳದೊಳಗೆ…"

"ಏನು ಚಿಕ್ಕಪ್ಪ?"

ಅವನು ತಲೆ ಎತ್ತಿ ಅವಳ ಮುಖ ನೋಡಿದ. ಮೂಳೆ ಜಾರಿ ಒಂದು ಕಡೆ ವಾಲಿತು. ಹರುಯೆ ಉಸಿರು ಎಳೆದುಕೊಂಡಳು.

"ಬೀಳಿಸಬೇಡಿ, ದಯವಿಟ್ಟು ಬೀಳಿಸಬೇಡಿ" ಎಂದ ಚಿತಾಗಾರದವನು. ಹಿಂದಿನಿಂದ ತೊಮೆ, "ಅಯ್ಯೋ, ಅಣ್ಣನ್ನ ನೆಲಕ್ಕೆ ಹಾಕ್ತಾನಲ್ಲಪ್ಪಾ ಇವನು" ಎಂದಳು. ಮೂಳೆ ಮಡಕೆ ಸೇರುವ ಹೊತ್ತಿಗೆ ಅವರ ಹಿಂದಿನ ಜೋಡಿ ಮುಂದೆ ಬಂದಾಗಿತ್ತು. ಹೊರಗೆ ಶಿಗೆಯೋನ ಟ್ರಕ್ಕು ಹಾರ್ನ್ ಹೊಡೆಯಿತು.

ಉಳಿದವರು ಗುಡಿಗೆ ಹೋಗಿ ಏಳನೇ ದಿನದ ಪ್ರಾರ್ಥನೆಯನ್ನೂ ಇವತ್ತೇ ಮುಗಿಸಿ ಬಸ್ಸಿನಲ್ಲಿ ಮನೆಗೆ ಬರುವುದೆಂದು ಮಾತಾಯಿತು. ಹರುಯೆ ಮಡಕೆಗೆ ಕೈ ಮುಗಿದು ಹೊರಟಳು. ತೊಕುಜಿ ಕುಂಟುತ್ತ ಅವಳ ಹಿಂದೆ ಹೋಗಿ ಟ್ರಕ್ಕಿನ ಬಾಗಿಲು ಹಿಡಿದುಕೊಂಡ.

"ನೀವ್ಯಾಕೆ ಮಾವ? ಒಂದು ಕಾಲು ಕೊಟ್ಟದ್ದು ಸಾಲಲಿಲ್ವಾ ಕರಡಿಗೆ?" ಎಂದ ಶಿಗೆಯೋ.

"ನಾನೂ ಬರ್ತೀನಿ."

ದಾರಿಯುದ್ದಕ್ಕೂ ಶಿಗೆಯೋ ಮಾತಾಡಿದ. ಯಂತ್ರದ ಬಗ್ಗೆ, ಗಾಳಿಯ ಬಗ್ಗೆ, ಕಿನ್ಸಾಕುವಿನ ಕಣ್ಣಿನ ಬಗ್ಗೆ. ಹರುಯೆ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ತೊಡೆಯ ಮೇಲೆ ಅವಳ ಬಲಗೈಯ ತೋರುಬೆರಳು ತಾನಾಗಿ ಮಡಚಿಕೊಳ್ಳುತ್ತಿತ್ತು, ಬಿಡಿಸಿಕೊಳ್ಳುತ್ತಿತ್ತು. ಇಬ್ಬರ ನಡುವೆ ಕೂತ ತೊಕುಜಿ, ಹೊಲ ಮುಟ್ಟಿದ ಮೇಲೆ ಹೇಳುತ್ತೇನೆ ಎಂದುಕೊಂಡ.

ಹೊಲದ ಹತ್ತಿರ ಊರ ಕಚೇರಿಯ ಅಧಿಕಾರಿ ಕೈಯಲ್ಲಿ ಧ್ವನಿವರ್ಧಕ ಹಿಡಿದು ರಸ್ತೆಗೆ ಹಳದಿ ಹಗ್ಗ ಕಟ್ಟಿಸುತ್ತಿದ್ದಳು. ಹರುಯೆ ಮನೆಯಿಂದ ತರಿಸಿದ ಕೋವಿ ತೆಗೆದುಕೊಂಡಳು. ಸೂತಕದ ಕರಿ ಉಡುಪಿನ ಮೇಲೆ ಬೇಟೆಯವರ ಕಿತ್ತಳೆ ಬಣ್ಣದ ಅಂಗಿ, ಕಾಲಿಗೆ ರಬ್ಬರು ಬೂಟು.

"ಕೋವಿ ಹತ್ತಿರ ಯಾರೂ ಹೋಗೋ ಹಾಗಿಲ್ಲ" ಎಂದಳು ಅಧಿಕಾರಿ. "ತಾತ, ನೀವು ಟ್ರಕ್ಕಿನೊಳಗೇ ಇರಿ. ಗಾಜು ಏರಿಸಿಕೊಳ್ಳಿ."

"ಒಂದು ಮಾತು ಹೇಳೋದಿದೆ ಅವಳಿಗೆ."

"ಕಟಾವು ಮುಗೀಲಿ."

ಯಂತ್ರ ಮೊದಲ ಸುತ್ತು ಹಿಡಿಯಿತು.

ಎರಡು ಗಂಟೆ ಕಾಲ ಅವನು ಗಾಜಿನ ಹಿಂದೆ ಕೂತ. ಜೋಳ ಸುತ್ತು ಸುತ್ತಿಗೂ ಕರಗುತ್ತಿತ್ತು. ಹರುಯೆ ಪಂಪಿನ ಮನೆಯ ಪಕ್ಕ, ಅಪ್ಪನ ಜಾಗದಲ್ಲಿ, ಗುಡ್ಡಕ್ಕೆ ಮುಖ ಮಾಡಿ ನಿಂತಿದ್ದಳು. ಅಲ್ಲೇ ನಿಂತಿರಲಿ, ಅಲ್ಲೇ ನಿಂತಿರಲಿ, ಎಂದು ತೊಕುಜಿ ಜಪಿಸುತ್ತಿದ್ದ. ಹೊಲದ ನಡುವೆ, ಅಗಲಕ್ಕೆ ಒಂದಿಪ್ಪತ್ತು ಸಾಲು, ಉದ್ದಕ್ಕೆ ಒಂದು ಪಟ್ಟಿ ಉಳಿಯಿತು. ಪಟ್ಟಿಯ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ರಸ್ತೆ. ಆಗ ಅದರ ನಡುವೆ ಸೂಲಂಗಿಗಳು ಅಲ್ಲಾಡಿದವು. ಗಾಳಿ ಇರಲಿಲ್ಲ.

"ಮೇಲಕ್ಕೆ ಹೋಗ್ತಿದೆ!" ಶಿಗೆಯೋ ಕೂಗಿದ. "ತೊರೆ ಕಡೆ! ತಪ್ಪಿಸ್ಕೊಳ್ತಿದೆ, ಹರುಯೆ, ಮೇಲೆ ಬಾ!"

ಹರುಯೆ ಅಪ್ಪನ ಜಾಗ ಬಿಟ್ಟು ಓಡಿದಳು. ಕೊಯ್ದ ಕೂಳೆಯ ಮೇಲೆ ಪಟ್ಟಿಯನ್ನು ಸುತ್ತಿಕೊಂಡು ತೊರೆಯ ಕಡೆಗೆ ಹೋಗಿ, ಗುಡ್ಡಕ್ಕೆ ಬೆನ್ನು ಮಾಡಿ, ಜೋಳದ ಕಡೆ ತಿರುಗಿ ನಿಂತಳು.

ತೊಕುಜಿ ಬಾಗಿಲು ತೆರೆದು ಇಳಿದ. ಕೂಳೆಯ ಮೊನೆಗಳು ಚಪ್ಪಲಿಯನ್ನು ಚುಚ್ಚುತ್ತಿದ್ದವು. ಎಡಗಾಲು ಎಳೆಯುತ್ತ, ಬೀಳುತ್ತ, ಎದ್ದು ಓಡಿದ. "ತಾತ! ತಾತ, ನಿಂತ್ಕೊಳ್ಳಿ!" ಧ್ವನಿವರ್ಧಕ ಅವನ ಹಿಂದೆ ಅರಚಿತು. ಅಧಿಕಾರಿ ರಸ್ತೆಯ ಹಗ್ಗ ಬಿಟ್ಟು ಅವನ ಬೆನ್ನುಹತ್ತಿ ಬಂದಳು.

ಸೂಲಂಗಿಗಳು ಓರೆಯಾಗಿ ಒಂದು ಗೆರೆ ಎಳೆದಂತೆ ಅಲ್ಲಾಡುತ್ತ ಬಂದವು. ನಿಂತವು. ಮತ್ತೆ ಅಲ್ಲಾಡಿದವು.

"ಹೊಡಿ! ಅಪ್ಪನ ಹಾಗೆ ಹೊಡಿ!" ಎಂದ ಶಿಗೆಯೋ.

ಕೋವಿ ಅವಳ ಹೆಗಲಿಗೇರಿತು. ನಳಿಗೆ ಅಲ್ಲಾಡುವ ಸೂಲಂಗಿಯನ್ನು ಹಿಡಿಯಿತು. ಆಮೇಲೆ ತಡವರಿಸದೆ, ಕಿಟಕಿಯ ಚೌಕಟ್ಟಿನಲ್ಲಿ ಕಲಿತ ಹಾಗೆಯೇ, ಒಂದು ಮಾರಿಗಿಂತ ಸ್ವಲ್ಪ ಕೆಳಕ್ಕೆ ಇಳಿದು ನಿಂತಿತು. ತೊಕುಜಿಗೆ ಅದು ಇಳಿದ ಅಳತೆ ಕಂಡಿತು.

"ಹೊಡೀಬೇಡ ಹರುಯೆ! ಅವತ್ತು ಕರಡಿ ಅಲ್ಲ! ನಾನು! ನಿಮ್ಮಪ್ಪ ಹೊಡೆದದ್ದು ನನ್ನನ್ನ!"

ಅವಳ ಬೆರಳು ಟ್ರಿಗರಿನ ಮೇಲಿತ್ತು. ತಲೆ ತಿರುಗಿಸಲಿಲ್ಲ.

"ಏನಂದ್ರಿ?"

"ಕರಡಿ ಕಚ್ಚಲೇ ಇಲ್ಲ. ಪಿತ್ತದ ಆಸೆಗೆ ಕಳ್ಳನ ಹಾಗೆ ಒಳಗೆ ಹೋದೆ. ಸೂಲಂಗಿ ಅಲ್ಲಾಡ್ತು. ಅವನು ಬಿಟ್ಟ. ಅಷ್ಟೇ ಆಗಿದ್ದು. ಅದಾದ್ಮೇಲೆ ಒಂದು ಸಲ, ಒಂದೇ ಒಂದು ಸಲ ಅವನು ಕಾಣದ್ದಕ್ಕೆ ಹೊಡೆದಿಲ್ಲ."

"ಒಂದು ಮಾರಿಗಿಂತ ಸ್ವಲ್ಪ ಜಾಸ್ತಿ ಅಂದ್ರಲ್ಲ ನನಗೆ."

"ಸುಳ್ಳು. ಎಲ್ಲ ಸುಳ್ಳು."

ಹರುಯೆಯ ಬೆರಳು ಟ್ರಿಗರನ್ನು ಬಿಟ್ಟು ನೆಟ್ಟಗಾಯಿತು. "ಯಾವಾಗ ಹೇಳ್ತಿದ್ರಿ ಚಿಕ್ಕಪ್ಪ?" ಎಂದಳು, ಮೆಲ್ಲಗೆ. "ನಾನು ಯಾರನ್ನಾದ್ರೂ ಕೊಂದ ಮೇಲಾ?"

ತೊಕುಜಿ ಅವಳ ಕಡೆ ಇನ್ನೊಂದು ಹೆಜ್ಜೆ ಇಟ್ಟ.

ಅಷ್ಟರಲ್ಲಿ ಹತ್ತು ಮಾರು ಎಡಕ್ಕೆ ಜೋಳ ಸೀಳಿತು. ಕರಡಿ ಬೆನ್ನ ಮೇಲೆ ಒಂದು ಹರಿದ ಎಲೆ ಹೊತ್ತುಕೊಂಡು ಹೊರಬಂದು, ತೊರೆಯನ್ನು ಎರಡೇ ನೆಗೆತಕ್ಕೆ ದಾಟಿ, ಗುಡ್ಡದ ಕುಳ್ಳ ಬಿದಿರಿನೊಳಗೆ ಹೊಕ್ಕಿತು. ಅವಳು ಕೋವಿ ತಿರುಗಿಸುವ ಮೊದಲೇ ಬಿದಿರು ಮುಚ್ಚಿಕೊಂಡಿತು.

"ಹೋಯ್ತು! ಬಿಟ್ಬಿಟ್ರಲ್ಲ!" ಶಿಗೆಯೋ ತಲೆ ಮೇಲೆ ಕೈ ಹೊತ್ತ. ಆಮೇಲೆ ತೊಕುಜಿಯ ಕಡೆ ತಿರುಗಿದ. "ಏನು ಮಾವ ನೀವು ಈಗ ಹೇಳಿದ್ದು?"

ಹರುಯೆ ಮುಂಚೆ ಗುರಿಯಿಟ್ಟಿದ್ದ ಕಡೆಗೇ ಇನ್ನೂ ನೋಡುತ್ತಿದ್ದಳು. ಯಂತ್ರ ತುದಿಯಲ್ಲಿ ತಿರುಗಿ, ಉಳಿದ ಸಾಲುಗಳನ್ನು ಬಾಯಿಗೆ ಹಾಕಿಕೊಳ್ಳುತ್ತ ಹಿಂದಕ್ಕೂ ಮುಂದಕ್ಕೂ ಓಡಿತು. ಕೊನೆಯ ದಂಟುಗಳು ಒಂದರ ಮೇಲೊಂದು ವಾಲಿ ಬಿದ್ದವು. ಆಚೆಯ ರಸ್ತೆ ಕಂಡಿತು.

ದೂರದಲ್ಲಿ, ಯಾರೂ ಕಾಯದ ಹಳದಿ ಹಗ್ಗದ ಆಚೆ, ಬಸ್ಸು ನಿಂತಿತ್ತು. ಹಗ್ಗದ ಈಚೆ, ಹರುಯೆಯ ಕೋವಿ ಗುರಿಯಿಟ್ಟಿದ್ದ ನೇರಕ್ಕೆ ಮೂವತ್ತು ಮಾರಿನಲ್ಲಿ, ರಸ್ತೆಯ ಅಂಚಿಗೆ ಫುಸಾ ನಿಂತಿದ್ದಳು. ಬಸ್ಸಿಳಿದು ಮನೆಗೆ ನಡೆದೇ ಹೊರಟಿರಬೇಕು. ಕರಿ ಕಿಮೋನೋದ ಕೆಳಗೆಲ್ಲ ಧೂಳು. ಬಿಳಿ ಬಟ್ಟೆ ಸುತ್ತಿದ ಅಸ್ಥಿಯ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡಿದ್ದಳು.

ಹೊಲದಲ್ಲಿ ಜನ ಕಂಡದ್ದೇ, ತನ್ನ ಮನೆಯ ಸಾವಿನ ದಿನವೂ ದುಡಿದವರಿಗೆ ಉಪಕಾರ ಹೇಳುವವಳಂತೆ, ಅವಳು ಸೊಂಟದಿಂದ ಬಾಗಿ ನಮಸ್ಕರಿಸಿದಳು. ಪೆಟ್ಟಿಗೆಯೂ ಅವಳೊಂದಿಗೆ ಬಾಗಿತು.